ಮಣಿಕಟ್ಟಿನ ಮೇಲೆ ಪ್ಯಾಕ್-ಮ್ಯಾನ್: ಒಂದು ಗೇಮ್ ವಾಚಿನ ಪ್ರಕರಣ ಅಧ್ಯಯನ

1982ರ ಹೊತ್ತಿಗೆ ಅಮೆರಿಕದ ಅಂಗಡಿಗಳಿಗೆ ಒಂದು ಕೈಗಡಿಯಾರ ಬಂತು. ಅದರಲ್ಲಿ ಟೈಮ್ ನೋಡಬಹುದಿತ್ತು, ಪ್ಯಾಕ್-ಮ್ಯಾನ್ ಆಡಬಹುದಿತ್ತು. ದುಂಡು ಮುಖವೊಂದು ದೆವ್ವಗಳಿಂದ ತಪ್ಪಿಸಿಕೊಳ್ಳುತ್ತಾ ಹಾದಿಯಲ್ಲಿನ ಚುಕ್ಕಿಗಳನ್ನು ತಿನ್ನುವ ವಿಡಿಯೋ ಆಟ ಅದು. ವಾಚು ಮಾಡಿದ್ದು ನೆಲ್ಸಾನಿಕ್ ಅನ್ನುವ ಕಂಪನಿ. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿರುವ ಲಾಂಗ್ ಐಲ್ಯಾಂಡ್ ಸಿಟಿ ಅದರ ಊರು. ವಾಚಿನಲ್ಲಿ ಎರಡು ಬಗೆ ಇದ್ದವು. ಒಂದರಲ್ಲಿ ನಾಲ್ಕು ಬಟನ್, ಇನ್ನೊಂದರಲ್ಲಿ ಪುಟಾಣಿ ಜಾಯ್‌ಸ್ಟಿಕ್, ಅಂದರೆ ಬೇಕಾದ ದಿಕ್ಕಿಗೆ ವಾಲಿಸುವ ಕೋಲು. ಹೆಸರು ಕದ್ದ ಮಾಲಲ್ಲ, ಸರಿಯಾಗಿ ಲೈಸೆನ್ಸ್ ಪಡೆದು ಮಾಡಿದ್ದು.

ಹತ್ತಿರದಿಂದ ನೋಡಿದರೆ ಇದು ವಿಚಿತ್ರವಾದ ವಸ್ತು. ಆರ್ಕೇಡ್‌ನಲ್ಲಿ, ಅಂದರೆ ನಾಣ್ಯ ಹಾಕಿ ಯಂತ್ರದಲ್ಲಿ ಆಡುವ ಅಂಗಡಿಯಲ್ಲಿ, ಆಳೆತ್ತರದ ಪೆಟ್ಟಿಗೆ, ಬಣ್ಣದ ತೆರೆ ಬೇಕಾಗಿದ್ದ ಆಟ ಇಲ್ಲಿ ಅಂಚೆಚೀಟಿಯಷ್ಟು ಗಾಜಿನ ಮೇಲಿದೆ. ಬಣ್ಣ ಹೋಯಿತು, ಸರಾಗವಾದ ಓಟ ಹೋಯಿತು, ಹಾದಿಯ ಬಹುಪಾಲು ಹೋಯಿತು. ಆದರೂ ನೋಡಿದವರು "ಓ, ಪ್ಯಾಕ್-ಮ್ಯಾನ್!" ಅನ್ನುತ್ತಾರೆ. ಇಷ್ಟೆಲ್ಲ ಕಿತ್ತುಹಾಕಿದ ಮೇಲೂ ಅದು ಪ್ಯಾಕ್-ಮ್ಯಾನ್ ಆಗಿ ಉಳಿದದ್ದು ಹೇಗೆ? ಈ ಅಧ್ಯಯನ ಹಿಂಬಾಲಿಸುವುದು ಆ ಒಂದು ಪ್ರಶ್ನೆಯನ್ನು.

ವಾಚ್ ಕಂಪನಿಗೆ ಆಟ ಯಾಕೆ ಬೇಕಾಯಿತು

ಇದಕ್ಕೆ ಉತ್ತರ ದುಡ್ಡು. 1972ರಲ್ಲಿ ಹ್ಯಾಮಿಲ್ಟನ್ ಕಂಪನಿಯ ಪಲ್ಸರ್ ಬಂದಾಗ ಡಿಜಿಟಲ್ ವಾಚಿನ ಬೆಲೆ 2,100 ಡಾಲರ್. ಚಿನ್ನದ ಕೇಸು, ಕೆಂಪು ಎಲ್‌ಇಡಿ ಅಂಕಿ. ಬಟನ್ ಒತ್ತಿದರೆ ಮಾತ್ರ ಟೈಮ್ ಕಾಣುತ್ತಿತ್ತು. ನಾಲ್ಕೇ ವರ್ಷದಲ್ಲಿ, 1976ಕ್ಕೆ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 20 ಡಾಲರಿಗೆ ಪ್ಲಾಸ್ಟಿಕ್ ವಾಚ್ ಕೊಟ್ಟಿತು. ಮರುವರ್ಷ ಅದು 10 ಡಾಲರಿಗೆ ಇಳಿಯಿತು. ಅಷ್ಟರಲ್ಲಿ ಎಲ್‌ಸಿಡಿಯೂ, ಅಂದರೆ ದ್ರವ ಸ್ಫಟಿಕದ ತೆರೆಯೂ, ಬಂದಿತ್ತು. ಟೈಮ್ ಯಾವಾಗಲೂ ಕಾಣುತ್ತದೆ, ಕರೆಂಟ್ ಬಹಳ ಕಮ್ಮಿ ಸಾಕು.

ಟೈಮ್ ತೋರಿಸುವ ಚಿಪ್ಪು ಎಲ್ಲರ ಕೈಗೂ ಸಿಗುವಂತಾದ ಮೇಲೆ ಸುಮ್ನೆ ಟೈಮ್ ತೋರಿಸಿ ಲಾಭ ಮಾಡುವುದು ಕಷ್ಟ. ಆಗ ಒಬ್ಬೊಬ್ಬರೂ ಒಂದೊಂದು ಹೆಚ್ಚುವರಿ ಸೇರಿಸತೊಡಗಿದರು. ಅಲಾರಂ ಬಂತು, ಹಾಡು ನುಡಿಸುವ ಅಲಾರಂ ಬಂತು, ಸ್ಟಾಪ್‌ವಾಚ್ ಬಂತು, ಕ್ಯಾಲ್ಕುಲೇಟರ್ ಬಂತು. ಆಟವೂ ಅದೇ ಸಾಲಿನಲ್ಲಿ ಬಂದದ್ದು. ಕ್ಯಾಸಿಯೋ 1980ರಲ್ಲೇ ಎಂಜಿ-880 ಎಂಬ ಕ್ಯಾಲ್ಕುಲೇಟರಿನಲ್ಲಿ ಅಂಕಿಗಳನ್ನು ಹೊಡೆದುರುಳಿಸುವ ಆಟ ಇಟ್ಟಿತ್ತು. ಅದಕ್ಕೆ ಬೇರೆ ಚಿತ್ರವೇ ಬೇಕಿರಲಿಲ್ಲ. ಬಲಗಡೆಯಿಂದ ಅಂಕಿಗಳು ಬರುತ್ತವೆ, ಸರಿಯಾದ ಅಂಕಿ ಹೊಂದಿಸಿ ಗುಂಡು ಹೊಡೆಯಬೇಕು. ಬುದ್ಧಿವಂತ ಕೆಲಸ. ಆದರೆ ಅದಕ್ಕೆ ಮುಖ ಇರಲಿಲ್ಲ.

ಇಲ್ಲಿ ಒಂದು ಗೊಂದಲ ತೆಗೆದುಬಿಡೋಣ. ಜಪಾನಿನ ಆಟದ ಕಂಪನಿ ನಿಂಟೆಂಡೊದ 'ಗೇಮ್ ಅಂಡ್ ವಾಚ್' ಕೈಗೆ ಕಟ್ಟುವ ವಸ್ತು ಅಲ್ಲ. 1980ರಲ್ಲಿ ಶುರುವಾದ ಆ ಸರಣಿ ಜೇಬಿಗೆ ಹಾಕಿಕೊಳ್ಳುವ ಆಟದ ಯಂತ್ರ, ಅದರ ಮೂಲೆಯಲ್ಲಿ ಒಂದು ಗಡಿಯಾರ. ಅದನ್ನು ರೂಪಿಸಿದ ಗುನ್ಪೆ ಯೊಕೊಯ್ ಹಳೆಯದಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ದಾರಿಯಲ್ಲಿ ಬಳಸಬೇಕು ಎನ್ನುತ್ತಿದ್ದರು. ಕ್ಯಾಲ್ಕುಲೇಟರಿಗಾಗಿ ಅಗ್ಗವಾದ ಎಲ್‌ಸಿಡಿ ಅಲ್ಲಿ ಆಟಕ್ಕೆ ಬಂತು. ನೆಲ್ಸಾನಿಕ್ ಇದನ್ನೇ ತಿರುಗಿಸಿ ಹಾಕಿತು. ಗಡಿಯಾರ ಮೊದಲು, ಆಟ ಅದರೊಳಗೆ. ಈ ಕ್ರಮ ಬದಲಾದದ್ದರಿಂದ ಏನೆಲ್ಲ ಇಕ್ಕಟ್ಟಾಯಿತು ಅನ್ನುವುದು ಗಾಜಿನ ಹತ್ತಿರ ಹೋದಾಗ ಗೊತ್ತಾಗುತ್ತದೆ.

ಗಾಜಿನ ಮೇಲಿನ ಲೆಕ್ಕ

ಮೂಲ ಆಟ ಎಷ್ಟು ದೊಡ್ಡದು ಅಂತ ಮೊದಲು ನೋಡೋಣ. ತೊರು ಇವಾತಾನಿ ರೂಪಿಸಿ ನಾಮ್ಕೊ ಕಂಪನಿ 1980ರಲ್ಲಿ ತಂದ ಪ್ಯಾಕ್-ಮ್ಯಾನ್‌ನ ತೆರೆ 224 ಅಡ್ಡ, 288 ಉದ್ದ ಪಿಕ್ಸೆಲ್. ಹಾದಿಯಲ್ಲಿ 240 ಸಣ್ಣ ಚುಕ್ಕಿ, ನಾಲ್ಕು ದೊಡ್ಡ ಚುಕ್ಕಿ. ನಾಲ್ಕು ದೆವ್ವಗಳಿಗೆ ನಾಲ್ಕು ಸ್ವಭಾವ. ಕೆಂಪು ನೇರವಾಗಿ ಬೆನ್ನಟ್ಟುತ್ತದೆ. ಗುಲಾಬಿ ನೀವು ಹೋಗುತ್ತಿರುವ ದಿಕ್ಕಿನಲ್ಲಿ ನಾಲ್ಕು ಮನೆ ಮುಂದಕ್ಕೆ ಗುರಿಯಿಟ್ಟು ಬರುತ್ತದೆ. ಕಿತ್ತಳೆಯದು ಹತ್ತಿರ ಬಂದು ಬಂದು ಆಮೇಲೆ ತನ್ನ ಮೂಲೆಗೆ ಓಡಿಹೋಗುತ್ತದೆ. ಇದನ್ನೆಲ್ಲ ನಡೆಸುತ್ತಿದ್ದದ್ದು ಸೆಕೆಂಡಿಗೆ 30,72,000 ಬಾರಿ ಮಿಡಿಯುವ ಜೆಡ್80 ಪ್ರೊಸೆಸರ್.

ವಾಚಿನ ಎಲ್‌ಸಿಡಿಯಲ್ಲಿ ಪಿಕ್ಸೆಲ್ ಅನ್ನುವುದೇ ಇಲ್ಲ. ಕ್ಯಾಲ್ಕುಲೇಟರಿನಲ್ಲಿ 8 ಅನ್ನುವ ಅಂಕಿ ಏಳು ತುಂಡುಗಳಿಂದ ಆಗುತ್ತದಲ್ವಾ, ಇಲ್ಲೂ ಅದೇ. ಎರಡು ತೆಳು ಗಾಜಿನ ನಡುವೆ ದ್ರವ ಸ್ಫಟಿಕ. ಗಾಜಿನ ಒಳಮೈಯಲ್ಲಿ ಕಣ್ಣಿಗೆ ಕಾಣದ, ಕರೆಂಟ್ ಹರಿಸುವ ಪದರ. ಆ ಪದರವನ್ನು ಯಾವ ಆಕಾರದಲ್ಲಿ ಕೊರೆದಿರುತ್ತಾರೋ ಆ ಆಕಾರ ಮಾತ್ರ ಕಪ್ಪಾಗಬಲ್ಲದು. ಪ್ಯಾಕ್-ಮ್ಯಾನ್ ಆಕಾರ ಕೊರೆದಿದ್ದರೆ ಪ್ಯಾಕ್-ಮ್ಯಾನ್, ದೆವ್ವ ಕೊರೆದಿದ್ದರೆ ದೆವ್ವ. ಕೊರೆಯದ ಜಾಗದಲ್ಲಿ ಏನು ಮಾಡಿದರೂ ಏನೂ ಕಾಣಿಸದು.

ಅಂದರೆ ಇಲ್ಲಿ ಪ್ಯಾಕ್-ಮ್ಯಾನ್ ಚಲಿಸುವುದೇ ಇಲ್ಲ. ಗಾಜಿನ ಮೇಲೆ ಎಷ್ಟು ಮನೆಗಳಿವೆಯೋ ಅಷ್ಟೂ ಪ್ಯಾಕ್-ಮ್ಯಾನ್‌ಗಳು ಮೊದಲೇ ಕೂತಿರುತ್ತಾರೆ. ಒಬ್ಬ ಆರುತ್ತಾನೆ, ಪಕ್ಕದವನು ಮೂಡುತ್ತಾನೆ. ಅದನ್ನು ಓಟ ಅಂತ ನಮ್ಮ ಕಣ್ಣು ಒಪ್ಪಿಕೊಳ್ಳುತ್ತದೆ.

ಇನ್ನೊಂದು ದೊಡ್ಡ ತೊಡಕು: ಒಂದೇ ಜಾಗದಲ್ಲಿ ಎರಡು ಚಿತ್ರ ಒಂದರ ಮೇಲೊಂದು ಕೂರುವಂತಿಲ್ಲ. ಆರ್ಕೇಡ್‌ನಲ್ಲಿ ದೆವ್ವ ಚುಕ್ಕಿಯ ಮೇಲೆ ಹಾದು ಹೋಗುತ್ತದೆ, ಪ್ಯಾಕ್-ಮ್ಯಾನ್ ಅದೇ ಚುಕ್ಕಿಯನ್ನು ಅದೇ ಜಾಗದಲ್ಲಿ ತಿನ್ನುತ್ತಾನೆ. ಇಲ್ಲಿ ಚುಕ್ಕಿ, ದೆವ್ವ, ಪ್ಯಾಕ್-ಮ್ಯಾನ್ ಮೂವರಿಗೂ ಒಂದೇ ಮನೆಯೊಳಗೆ ಬೇರೆ ಬೇರೆ ತುಂಡು ಬೇಕು. ಹಾಗಾಗಿ ಆಕಾರಗಳನ್ನು ಹಂಚಿಕೊಳ್ಳುವ ಉಪಾಯ ಹುಡುಕಬೇಕಾಗುತ್ತದೆ. ದುಂಡನೆಯ ಮೈ ಇಬ್ಬರಿಗೂ ಒಂದೇ ಇರಲಿ. ಬಾಯಿಯ ಜಾಗದ ತುಂಡು ಆರಿದರೆ ಪ್ಯಾಕ್-ಮ್ಯಾನ್, ಅದೂ ಮೂಡಿ ಕೆಳಗೆ ಲಂಗದಂಥ ಅಂಚು ಸೇರಿದರೆ ದೆವ್ವ.

ಇದನ್ನು ಒಂದು ಲೆಕ್ಕದಲ್ಲಿ ನೋಡೋಣ. ಇದು ನೆಲ್ಸಾನಿಕ್‌ನ ನಕ್ಷೆ ಅಲ್ಲ, ಇಂಥ ಗಾಜು ರೂಪಿಸುವವರ ತಲೆನೋವು ಎಂಥದ್ದು ಅಂತ ತಿಳಿಯಲು ನಾನೇ ಹಾಕಿದ್ದು. ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆಗಳ ಹಾದಿ ಅಂದುಕೊಳ್ಳಿ. ಪ್ಯಾಕ್-ಮ್ಯಾನ್ ನಾಲ್ಕೂ ದಿಕ್ಕಿಗೆ ಬಾಯಿ ತೆರೆಯಬೇಕಾದರೆ ಮೈಗೆ ಒಂದು ತುಂಡು, ಬಾಯಿಗೆ ನಾಲ್ಕು. ದೆವ್ವದ ಅಂಚಿಗೆ ಒಂದು, ಚುಕ್ಕಿಗೆ ಒಂದು. ಮನೆಗೆ ಏಳರಂತೆ 175 ತುಂಡು. ಟೈಮ್ ತೋರಿಸಲು ನಾಲ್ಕು ಅಂಕಿ, ಅಂಕಿಗೆ ಏಳರಂತೆ 28. ಒಟ್ಟು 203. ಒಂದೊಂದು ತುಂಡಿಗೂ ಒಂದೊಂದು ತಂತಿ ಎಳೆಯುತ್ತಾ ಹೋದರೆ ವಾಚಿನೊಳಗೆ ಜಾಗವೇ ಸಾಲದು.

ಅದಕ್ಕೇ ತುಂಡುಗಳನ್ನು ಗುಂಪು ಮಾಡಿ ಸರದಿಯ ಮೇಲೆ ಚಾಲೂ ಮಾಡುತ್ತಾರೆ. ಹಿಂಬದಿಯ ಗಾಜಿನಲ್ಲಿ ಹಲವು ತುಂಡುಗಳು ಹಂಚಿಕೊಳ್ಳುವ ನಾಲ್ಕು ಸಾಮಾನ್ಯ ಗೆರೆಗಳಿದ್ದರೆ, ಮುಂಬದಿಯ ಒಂದು ತಂತಿ ನಾಲ್ಕು ತುಂಡುಗಳನ್ನು ನೋಡಿಕೊಳ್ಳಬಲ್ಲದು. 203 ತುಂಡಿಗೆ 51 ತಂತಿ, ಜೊತೆಗೆ ಆ ನಾಲ್ಕು. ಒಟ್ಟು 55. ಹಾಗಾದರೆ ಗುಂಪನ್ನು ಎಂಟು ಮಾಡಿ ತಂತಿ ಇನ್ನೂ ಉಳಿಸಬಹುದಲ್ವಾ? ಉಳಿಸಬಹುದು. ಆದರೆ ಚಿತ್ರ ಕೆಡುತ್ತದೆ. ಸರದಿಯಲ್ಲಿ ನಡೆಸುವಾಗ ಆರಿರಬೇಕಾದ ತುಂಡಿಗೂ ಸ್ವಲ್ಪ ವೋಲ್ಟೇಜ್ ಸೋರುತ್ತದೆ. ಮೂಡಬೇಕಾದ ತುಂಡಿಗೆ ಅದರ ಎಷ್ಟು ಪಟ್ಟು ಸಿಗಬಹುದು ಅನ್ನುವ ಮಿತಿಯನ್ನು 1974ರಲ್ಲಿ ಆಲ್ಟ್ ಮತ್ತು ಪ್ಲೆಶ್ಕೊ ಎಂಬ ಇಬ್ಬರು ಎಂಜಿನಿಯರುಗಳು ಸೂತ್ರ ಮಾಡಿ ತೋರಿಸಿದರು. ಎರಡು ಸಾಮಾನ್ಯ ಗೆರೆ ಇದ್ದರೆ 2.41 ಪಟ್ಟು, ನಾಲ್ಕಿದ್ದರೆ 1.73, ಎಂಟಿದ್ದರೆ 1.45. ಅಂತರ ಕಡಿಮೆಯಾದಷ್ಟೂ ಕಪ್ಪು ಬೂದಿಯಾಗುತ್ತದೆ, ಬಿಳಿಯೂ ಬೂದಿಯಾಗುತ್ತದೆ. ಹಳೆಯ ಗೇಮ್ ವಾಚನ್ನು ಸ್ವಲ್ಪ ಓರೆ ಮಾಡಿ ನೋಡಿ. ಎಲ್ಲಾ ಮನೆಗಳ ಎಲ್ಲಾ ಆಕೃತಿಗಳೂ ಒಟ್ಟಿಗೆ ಮಸುಕಾಗಿ ತೇಲುತ್ತವೆ. ಆ ಸೋರುವ ವೋಲ್ಟೇಜನ್ನೇ ನೀವು ನೋಡುತ್ತಿರುವುದು.

ಇಷ್ಟು ಇಕ್ಕಟ್ಟಿದ್ದಾಗ ಮೊದಲು ಕತ್ತರಿ ಬೀಳುವುದು ಪ್ಯಾಕ್-ಮ್ಯಾನ್‌ನ ಬಾಯಿಗೆ. ನಾಲ್ಕು ದಿಕ್ಕಿನ ಬಾಯಿ ಬಿಟ್ಟು ಎರಡೇ ಇಟ್ಟುಕೊಂಡರೆ ನನ್ನ ಲೆಕ್ಕದಲ್ಲಿ 50 ತುಂಡು ಉಳಿಯುತ್ತದೆ. ಈ ಆಸೆ ಎಂಥದ್ದು ಅಂತ ನೋಡಬೇಕಾದರೆ ಟೋಮಿ ಕಂಪನಿಯ ಕೈಯಲ್ಲಿ ಹಿಡಿಯುವ ಪ್ಯಾಕ್-ಮ್ಯಾನ್ ಸಾಕು. ವಾಚಿಗಿಂತ ಎಷ್ಟೋ ದೊಡ್ಡದು, ಹೊಳೆಯುವ ತೆರೆ ಬೇರೆ. ಅದರಲ್ಲೂ ಪ್ಯಾಕ್-ಮ್ಯಾನ್ ಸದಾ ಎಡಕ್ಕೇ ಮುಖ ಮಾಡಿರುತ್ತಾನೆ. ಚುಕ್ಕಿ ತಿನ್ನಬೇಕಾದರೆ ಬಲದಿಂದ ಎಡಕ್ಕೇ ಹೋಗಬೇಕು. ತುಂಡು ಉಳಿಸಲು ಹೋಗಿ ಆಟದ ನಿಯಮವೇ ಬದಲಾಯಿತು! ಚಿತ್ರಕಾರನ ನಿರ್ಧಾರ ಯಾವುದು, ಆಟ ರೂಪಿಸುವವನ ನಿರ್ಧಾರ ಯಾವುದು ಅಂತ ಗೆರೆ ಎಳೆಯಲು ಈ ಯಂತ್ರಗಳಲ್ಲಿ ಆಗುವುದೇ ಇಲ್ಲ.

ಮಿಡಿತ, ಸೆಲ್ಲು, ಸದ್ದು

ವಾಚಿನ ಹೃದಯ ಒಂದು ಸ್ಫಟಿಕದ ಹರಳು. ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಎರಡರಿಂದ ಹದಿನೈದು ಸಲ ಭಾಗಿಸಿದರೆ ಸರಿಯಾಗಿ ಒಂದು ಸೆಕೆಂಡ್ ಸಿಗುತ್ತದೆ ಅಂತಲೇ ಆ ಸಂಖ್ಯೆ. ಆ ಕಾಲದ ಎಷ್ಟೋ ಎಲ್‌ಸಿಡಿ ಆಟಗಳ ನಾಲ್ಕು ಬಿಟ್ ಚಿಪ್ಪುಗಳು ಇದೇ ಹರಳಿನ ಮಿಡಿತದ ಮೇಲೆ ಓಡುತ್ತಿದ್ದವು. ಆರ್ಕೇಡಿನ ಜೆಡ್80 ಇದರ ಸುಮಾರು 94 ಪಟ್ಟು ವೇಗ. ಅಷ್ಟು ನಿಧಾನದ ಚಿಪ್ಪಿನಲ್ಲಿ ನಾಲ್ಕು ದೆವ್ವಗಳಿಗೆ ನಾಲ್ಕು ಬುದ್ಧಿ ಕೊಡುವ ಐಷಾರಾಮ ಎಲ್ಲಿಂದ ಬರಬೇಕು?

ಹಾಗೆ ನೋಡಿದರೆ ಚಿಪ್ಪು ವೇಗವಾಗಿದ್ದರೂ ಪ್ರಯೋಜನ ಇರಲಿಲ್ಲ. ಈ ದ್ರವ ಸ್ಫಟಿಕವೇ ಸೋಮಾರಿ. ಒಂದು ಆಕೃತಿ ಪೂರ್ತಿ ಆರುವುದರೊಳಗೆ ಇನ್ನೊಂದನ್ನು ಮೂಡಿಸಿದರೆ ಎರಡೂ ಕಲಸಿಕೊಳ್ಳುತ್ತವೆ. ಚಳಿಯಲ್ಲಿ ಇದು ಇನ್ನೂ ಜಾಸ್ತಿ. ಹಾಗಾಗಿ ಇಂಥ ಆಟಗಳೆಲ್ಲ ಟಿಕ್, ಟಿಕ್ ಅಂತ ಹೆಜ್ಜೆಹೆಜ್ಜೆಯಾಗಿ ನಡೆಯುತ್ತವೆ. ಆಡುವವನು ದೆವ್ವದ ವೇಗ ನೋಡಿ ತಪ್ಪಿಸಿಕೊಳ್ಳುವುದಿಲ್ಲ, ತಾಳ ಎಣಿಸಿ ತಪ್ಪಿಸಿಕೊಳ್ಳುತ್ತಾನೆ. ಮೂಲದ್ದು ಅಟ್ಟಿಸಿಕೊಂಡು ಹೋಗುವ ಆಟ, ಇದು ತಾಳದ ಆಟ. ನನ್ನ ಮಟ್ಟಿಗೆ ವಾಚಿನ ಪ್ಯಾಕ್-ಮ್ಯಾನ್ ಮತ್ತು ಆರ್ಕೇಡ್ ಪ್ಯಾಕ್-ಮ್ಯಾನ್ ನಡುವಿನ ದೊಡ್ಡ ದೂರ ಇದೇ. ಬಣ್ಣ ಹೋದದ್ದು, ಗಾತ್ರ ಹೋದದ್ದು ಆಮೇಲಿನ ಮಾತು.

ಸೆಲ್ಲಿನ ವಿಷಯ ಬೇಗ ಮುಗಿಸುತ್ತೇನೆ. 100 ಮಿಲಿಆಂಪ್-ಗಂಟೆಯ ಬಟನ್ ಸೆಲ್ ಹಿಡಿಯೋಣ. ಬರೀ ಟೈಮ್ ತೋರಿಸಲು 2 ಮೈಕ್ರೋಆಂಪ್ ಸಾಕಾದರೆ ಅದು 50,000 ಗಂಟೆ, ಅಂದರೆ ಐದು ವರ್ಷಕ್ಕೂ ಜಾಸ್ತಿ ಬರುತ್ತದೆ. ಕೀ ಕೀ ಸದ್ದಿಗೆ 1 ಮಿಲಿಆಂಪ್ ಬೇಕಾದರೆ ಅದೇ ಸೆಲ್ 100 ಗಂಟೆಯ ಸದ್ದಿಗೆ ಖಾಲಿ. ಆಟ ಸೆಲ್ ತಿನ್ನುತ್ತದೆ ಅಂತ ಜನ ಹೇಳುವುದು ಸರಿ, ಆದರೆ ತಿನ್ನುವುದು ಚಿತ್ರ ಅಲ್ಲ, ಸದ್ದು.

ಒಂದೇ ಕೈ

ಈಗ ಎರಡು ಬಗೆಯ ವಾಚಿಗೆ ಬರೋಣ. ವಾಚನ್ನು ಎಡಗೈಗೆ ಕಟ್ಟಿದ ಮೇಲೆ ಆ ಕೈ ಆಟಕ್ಕಿಲ್ಲ. ಅದು ಬರೀ ಸ್ಟ್ಯಾಂಡ್. ಆಡಬೇಕಾದದ್ದು ಬಲಗೈ ಒಂದೇ. ಅದೂ ಬೆರಳು ತೆರೆಯ ಮೇಲೆ ಬಾರದಂತೆ. ಮೇಲೆ, ಕೆಳಗೆ, ಎಡ, ಬಲ ಅಂತ ನಾಲ್ಕು ಬಟನ್ ಇಟ್ಟರೆ ಬೆರಳು ಪ್ರತಿ ತಿರುವಿಗೂ ಜಾಗ ಹುಡುಕಬೇಕು. ಪ್ಯಾಕ್-ಮ್ಯಾನ್‌ನಲ್ಲಿ ತಿರುವು ಬಿಟ್ಟರೆ ಬೇರೇನೂ ಇಲ್ಲ. ಗುಂಡು ಹೊಡೆಯುವ ಬಟನ್ ಕೂಡ ಇಲ್ಲದ ಆಟ ಅದು. ಆರ್ಕೇಡಿನಲ್ಲೂ ಒಂದೇ ಕೋಲು ಇದ್ದದ್ದು.

ಹಾಗಾಗಿ ಜಾಯ್‌ಸ್ಟಿಕ್ ವಾಚು ಬರೀ ತಮಾಷೆಗೆ ಮಾಡಿದ್ದು ಅಂತ ನನಗನ್ನಿಸುವುದಿಲ್ಲ. ಒಂದೇ ಬೆರಳಿನ ತುದಿಯಿಂದ ನಾಲ್ಕೂ ದಿಕ್ಕು ಸಿಗುತ್ತದೆ. ಬೆರಳು ಜಾಗ ಬಿಟ್ಟು ಕದಲುವುದಿಲ್ಲ. ಕಣ್ಣು ತೆರೆಯ ಮೇಲೇ ಇರಬಹುದು. ಅದೇ 1982ರಲ್ಲಿ ಯೊಕೊಯ್ ತಮ್ಮ ಡಾಂಕಿ ಕಾಂಗ್ ಗೇಮ್ ಅಂಡ್ ವಾಚ್‌ನಲ್ಲಿ ಕೂಡಿಸುವ ಚಿಹ್ನೆಯಂಥ ಬಟನ್ ಇಟ್ಟು ಇದೇ ಸಮಸ್ಯೆಗೆ ಬೇರೆ ಉತ್ತರ ಕೊಟ್ಟರು. ಅದು ಗೆದ್ದಿತು, ಇವತ್ತಿನ ಗೇಮ್ ಕಂಟ್ರೋಲರುಗಳಲ್ಲೂ ಇದೆ. ಕೋಲಿನ ತೊಂದರೆ ಗೊತ್ತಿದ್ದದ್ದೇ: ವಾಚು ತೋಳಿನ ಬಟ್ಟೆಯೊಳಗೆ ಹೋಗಿ ಬರುವ ವಸ್ತು, ಮೇಲಕ್ಕೆ ಚಾಚಿಕೊಂಡದ್ದೆಲ್ಲ ಅದಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಇವತ್ತು ಸಂಗ್ರಹಕಾರರಿಗೆ ಜಾಯ್‌ಸ್ಟಿಕ್ ವಾಚು ಸಿಗುವುದು ಕಷ್ಟ.

ಲೈಸೆನ್ಸ್ ಕೊಟ್ಟದ್ದು ಏನನ್ನು

ಪ್ಯಾಕ್-ಮ್ಯಾನ್ ಹಕ್ಕು ಜಪಾನಿನ ನಾಮ್ಕೊದ್ದು. ಅಮೆರಿಕದಲ್ಲಿ ಆರ್ಕೇಡ್ ಯಂತ್ರ ತಂದದ್ದು ಮಿಡ್‌ವೇ. ಮನೆಯ ಟಿವಿಗೆ ಹಾಕುವ ಆಟದ ಹಕ್ಕು ಅಟಾರಿಯ ಕೈಲಿತ್ತು. ಮೇಜಿನ ಮೇಲಿಡುವ ಪುಟ್ಟ ಯಂತ್ರ ಕೋಲೆಕೊ ಮಾಡಿತು. ಒಂದೇ ಹೆಸರನ್ನು ವಸ್ತು ವಸ್ತುವಿಗೆ ಹೋಳು ಮಾಡಿ ಕೊಡುವ ಕಾಲ ಅದು. ಮಣಿಕಟ್ಟು ಕೂಡ ಒಂದು ಹೋಳು.

ಅದರಿಂದ ಕೈಗೆ ಬರುವುದೇನು? ಪ್ರೋಗ್ರಾಂ ಬರುವುದಿಲ್ಲ, ಅದು ಈ ಚಿಪ್ಪಿನಲ್ಲಿ ಓಡುವುದೇ ಇಲ್ಲ. ಹಾದಿಯ ನಕ್ಷೆ ಬರುವುದಿಲ್ಲ, ಅದು ಗಾಜಿನ ಮೇಲೆ ಹಿಡಿಯುವುದಿಲ್ಲ. ಇದಕ್ಕೆ ಅತ್ಯಂತ ಸ್ಪಷ್ಟ ಉತ್ತರ ಸಿಗುವುದು, ತಮಾಷೆ ನೋಡಿ, ಕೋರ್ಟಿನಲ್ಲಿ. ಅದೂ ಅದೇ 1982ರಲ್ಲಿ.

ಫಿಲಿಪ್ಸ್‌ನ ಅಮೆರಿಕದ ಕಂಪನಿ 'ಕೆ.ಸಿ. ಮಂಚ್‌ಕಿನ್' ಎಂಬ ಟಿವಿ ಆಟ ತಂದಿತ್ತು. ಹಾದಿ ಬೇರೆ. ಚುಕ್ಕಿ 12 ಮಾತ್ರ, ಅವೂ ನಿಂತಲ್ಲಿ ನಿಲ್ಲದೆ ಓಡಾಡುತ್ತವೆ. ಹೆಸರು ಬೇರೆ. ಆದರೂ ಅಟಾರಿ ಮತ್ತು ಮಿಡ್‌ವೇ ದಾವೆ ಹೂಡಿದವು. ಕೆಳಗಿನ ಕೋರ್ಟು ತಡೆ ಕೊಡಲಿಲ್ಲ. ಅಮೆರಿಕದ ಏಳನೇ ಸರ್ಕಿಟ್ ಎಂಬ ನ್ಯಾಯಾಲಯ ವಲಯದ ಮೇಲ್ಮನವಿ ಕೋರ್ಟು ಅದನ್ನು ತಿರುಗಿಸಿತು. ಅದು ಹೇಳಿದ್ದರ ಸಾರ ಇಷ್ಟು: ಹಾದಿಯಲ್ಲಿ ಬೆನ್ನಟ್ಟಿಸಿಕೊಂಡು ಓಡುವ ಆಟ ಯಾರು ಬೇಕಾದರೂ ಮಾಡಬಹುದು, ಹಾದಿ, ಚುಕ್ಕಿ, ಅಂಕ ಎಣಿಸುವ ಪದ್ಧತಿ ಇಂಥ ಆಟಗಳಿಗೆಲ್ಲ ಸಹಜ, ಆದರೆ ಬಾಯಿ ತೆರೆದು ಮುಚ್ಚುವ ಆ ದುಂಡು ಮುಖ, ಆ ದೆವ್ವಗಳು, ಅವು ಪ್ಯಾಕ್-ಮ್ಯಾನ್ ಮಾಡಿದವರ ಸ್ವಂತದ್ದು.

ಈಗ ವಾಚಿನ ಗಾಜಿಗೆ ವಾಪಸ್ ಬನ್ನಿ. ಅಲ್ಲಿ ಕತ್ತರಿಗೆ ಸಿಕ್ಕದ್ದು ಕೋರ್ಟು ಯಾರದ್ದೂ ಅಲ್ಲ ಅಂದ ಹಾದಿ ಮತ್ತು ಚುಕ್ಕಿಗಳ ಸಂಖ್ಯೆ. ಕತ್ತರಿಯಿಂದ ತಪ್ಪಿಸಿಕೊಂಡದ್ದು ದುಂಡು ಮುಖ ಮತ್ತು ದೆವ್ವ. ಗಾಜು ಕೊರೆದವರು ತೀರ್ಪು ಓದಿ ಕೊರೆದರು ಅಂತ ನಾನು ಹೇಳುತ್ತಿಲ್ಲ. ಜಾಗ ಇಲ್ಲದಾಗ ಏನನ್ನು ಬಿಟ್ಟರೆ ಆಟ ಸತ್ತೇಹೋಗುತ್ತದೆ ಅನ್ನುವ ಪ್ರಶ್ನೆಯೂ, ನಕಲು ಅನ್ನುವುದು ಎಲ್ಲಿ ಶುರುವಾಗುತ್ತದೆ ಅನ್ನುವ ಪ್ರಶ್ನೆಯೂ ಒಂದೇ ಜಾಗಕ್ಕೆ ಬಂದು ನಿಂತಿವೆ, ಅಷ್ಟೇ. ವಾಚ್ ಕಂಪನಿ ದುಡ್ಡು ಕೊಟ್ಟು ತಂದದ್ದು ಒಂದು ಮುಖವನ್ನು. ಉಳಿದ ಹಾದಿಯನ್ನು, ಬಣ್ಣವನ್ನು, ದೆವ್ವಗಳ ಹಠವನ್ನು ಆಡುವ ಹುಡುಗನೇ ಆರ್ಕೇಡಿನಿಂದ ತಲೆಯಲ್ಲಿ ಹೊತ್ತು ತಂದಿರುತ್ತಿದ್ದ. ಅದನ್ನು ಎಂದೂ ಆಡದವನ ಕೈಗೆ ಈ ವಾಚು ಕೊಟ್ಟರೆ ಅವನಿಗೆ ಕಾಣುವುದು ಮಿಣುಕುವ ಕೆಲವು ಕಪ್ಪು ಗುರುತು ಮಾತ್ರ.

ಅದೇ ವರ್ಷ ಅದೇ ಹೆಸರಿನಲ್ಲಿ ಅಟಾರಿ 2600 ಎಂಬ ಟಿವಿ ಆಟದ ಯಂತ್ರಕ್ಕೆ ಬಂದ ಪ್ಯಾಕ್-ಮ್ಯಾನ್ ಪಾಡು ನೋಡಿದರೆ ಇದು ಇನ್ನಷ್ಟು ಗೊತ್ತಾಗುತ್ತದೆ. ಆ ಯಂತ್ರದಲ್ಲಿ 128 ಬೈಟ್ ರ‍್ಯಾಮ್ ಇತ್ತು. ಬಣ್ಣ ಇತ್ತು. ಟಿವಿಯ ದೊಡ್ಡ ತೆರೆ ಇತ್ತು. ಚುಕ್ಕಿಗಳ ಬದಲು ಉದ್ದ ಗೆರೆಗಳು ಬಂದವು, ದೆವ್ವಗಳು ಮಿಣುಕುತ್ತಿದ್ದವು. ಲಕ್ಷಾಂತರ ಜನ ಕೊಂಡರು, ಬಹಳ ಜನ ಬೈದರು. ಶಕ್ತಿಯಲ್ಲಿ ವಾಚಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಆದರೆ ಆರ್ಕೇಡ್ ಆಟವೇ ಮನೆಗೆ ಬರುತ್ತದೆ ಅಂತ ಜನ ನಂಬಿದ್ದರು. ಮಿಣುಕುವ ದೆವ್ವ ಅಲ್ಲಿ ದೋಷ. ವಾಚಿನಿಂದ ಅಂಥ ನಿರೀಕ್ಷೆ ಯಾರಿಗಿತ್ತು? ಇಲ್ಲಿ ಮಿಣುಕುವುದೇ ಆಟ.

ಮುಖದ ಬೆಲೆ ಎಷ್ಟು ಅನ್ನುವುದಕ್ಕೆ ಇನ್ನೊಂದು ದಾವೆ ಇದೆ. ಡಾಂಕಿ ಕಾಂಗ್ ತನ್ನ ಕಿಂಗ್ ಕಾಂಗ್‌ನ ನಕಲು ಅಂತ ಯೂನಿವರ್ಸಲ್ ಸ್ಟುಡಿಯೋ ನಿಂಟೆಂಡೊ ಮೇಲೆ ಹೋಯಿತು. ಡಾಂಕಿ ಕಾಂಗ್ ಲೈಸೆನ್ಸ್ ಪಡೆದಿದ್ದ ಕೋಲೆಕೊ ಹೆದರಿ ಯೂನಿವರ್ಸಲ್‌ಗೆ ಮಾರಾಟದ ಶೇಕಡಾ 3 ಕೊಡಲು ಒಪ್ಪಿಬಿಟ್ಟಿತ್ತು. ನ್ಯಾಯಾಧೀಶ ರಾಬರ್ಟ್ ಸ್ವೀಟ್ ಕೊನೆಗೆ ನಿಂಟೆಂಡೊ ಪರ ನಿಂತರು. ಈ ಕಥೆಯಲ್ಲಿ ನಮಗೆ ಬೇಕಾದದ್ದು ಒಂದು ಸಣ್ಣ ವಿವರ. ಯೂನಿವರ್ಸಲ್‌ನಿಂದ ಲೈಸೆನ್ಸ್ ಪಡೆದು ಟೈಗರ್ ಕಂಪನಿ ಕಿಂಗ್ ಕಾಂಗ್ ಹೆಸರಿನ ಪುಟ್ಟ ಆಟ ಮಾಡಿತ್ತು. ಅದೇ ಡಾಂಕಿ ಕಾಂಗ್‌ನ ನಕಲು ಅಂತ ತೀರ್ಮಾನವಾಯಿತು. ಲೈಸೆನ್ಸ್ ಕೈಲಿತ್ತು, ಆದರೆ ಬೇರೆಯವರ ಮುಖದ್ದು!

ಯಾವ ಆಟ ಹಿಡಿಸಿತು, ಯಾವುದು ಹಿಡಿಸಲಿಲ್ಲ

ನೆಲ್ಸಾನಿಕ್ ಪ್ಯಾಕ್-ಮ್ಯಾನ್‌ಗೆ ನಿಲ್ಲಲಿಲ್ಲ. ಫ್ರಾಗರ್, ಡಾಂಕಿ ಕಾಂಗ್, ಕ್ಯೂಬರ್ಟ್ ಬಂದವು. ಎಂಬತ್ತರ ದಶಕದ ಕೊನೆಗೆ ನಿಂಟೆಂಡೊ ಅಮೆರಿಕದ ಮನೆಮನೆಯಲ್ಲಿ ಕೂತ ಮೇಲೆ ಸೂಪರ್ ಮಾರಿಯೋ, ಜೆಲ್ಡಾ, ಟೆಟ್ರಿಸ್ ಕೂಡ ಮಣಿಕಟ್ಟಿಗೆ ಬಂದವು. ಎಲ್ಲಕ್ಕೂ ಗಾಜು ಒಂದೇ ತರಹದ್ದು. ಆದರೆ ಎಲ್ಲ ಆಟವೂ ಅದನ್ನು ಒಂದೇ ರೀತಿ ಸಹಿಸುವುದಿಲ್ಲ.

ಕ್ಯೂಬರ್ಟ್ ಈ ಗಾಜಿಗೇ ಹುಟ್ಟಿದಂತಿದೆ. 28 ಘನಗಳ ಗೋಪುರ, ಒಂದರಿಂದ ಇನ್ನೊಂದಕ್ಕೆ ಜಿಗಿತ. ಮೂಲದಲ್ಲೇ ಅದು ಮನೆಯಿಂದ ಮನೆಗೆ ಹಾರುವ ಆಟ, ಹಾಗಾಗಿ ಟಿಕ್ ಟಿಕ್ ನಡಿಗೆಯಲ್ಲಿ ಏನೂ ಕಳೆದುಹೋಗುವುದಿಲ್ಲ. ಫ್ರಾಗರ್ ಕೂಡ ಹಾಗೇ: ಸಾಲು ಸಾಲಾಗಿ ವಾಹನ, ಸಾಲು ಸಾಲಾಗಿ ಮರದ ದಿಮ್ಮಿ, ನಡುವೆ ಒಂದೊಂದೇ ಸಾಲು ದಾಟುವ ಕಪ್ಪೆ. ಮೇಲಿನಿಂದ ಬೀಳುವ ಆಕಾರಗಳನ್ನು ಜೋಡಿಸಿ ಸಾಲು ತುಂಬುವ ಟೆಟ್ರಿಸ್‌ಗೆ ತುಂಡುಗಳೇ ಆಟ. ಆದರೆ ಮೂಲದ 10 ಅಡ್ಡ, 20 ಉದ್ದದ ಬಾವಿಗೆ 200 ತುಂಡು ಬೇಕು. ಅಗಲ ಕಮ್ಮಿ ಮಾಡಿದರೆ ಸಾಲು ಬೇಗ ತುಂಬುತ್ತದೆ, ಆಟದ ಹದವೇ ಬೇರೆ ಆಗುತ್ತದೆ.

ಜೆಲ್ಡಾ ಬೇರೆ ಕಥೆ. ಮೂಲ ಆಟದ ಹೊರಲೋಕ 128 ತೆರೆಗಳಷ್ಟು ವಿಶಾಲ. ದಾರಿ ತಪ್ಪುವುದು, ಗೋಡೆ ಒಡೆದು ಗುಟ್ಟು ಕಂಡುಹಿಡಿಯುವುದು, ನಿಲ್ಲಿಸಿದಲ್ಲಿಂದ ಮುಂದುವರಿಸುವುದೇ ಅದರ ರುಚಿ. ಕೊರೆದ ಆಕೃತಿಗಳ ಗಾಜಿನಲ್ಲಿ ಗುಟ್ಟು ಇಡುವುದು ಹೇಗೆ? ಓರೆ ಮಾಡಿದರೆ ಎಲ್ಲವೂ ಕಾಣಿಸಿಬಿಡುತ್ತದೆ. 1989ರ ಜೆಲ್ಡಾ ವಾಚಿನಲ್ಲಿ ನಾಯಕ ಲಿಂಕ್ ಇದ್ದಾನೆ, ಕತ್ತಿ ಇದೆ, ಅವನ ಲೋಕ ಇಲ್ಲ. ನನಗೆ ಅದು ಚೆಂದದ ವಾಚು, ಸಪ್ಪೆ ಆಟ. ಬೇರೆ ಅಭಿಪ್ರಾಯದವರು ಇದ್ದಾರೆ, ಇರಲಿ.

ತುತ್ತ ತುದಿ ಅಂದರೆ 1993ರ ಸ್ಟಾರ್ ಫಾಕ್ಸ್. ಮನೆಯ ಯಂತ್ರದಲ್ಲಿ ಆ ಆಟದ ಕ್ಯಾಸೆಟ್ಟಿನೊಳಗೇ ಸೂಪರ್ ಎಫ್‌ಎಕ್ಸ್ ಎಂಬ ಹೆಚ್ಚುವರಿ ಚಿಪ್ಪು ಇಟ್ಟಿದ್ದರು. ಮೂರು ಆಯಾಮದ ಆಕೃತಿಗಳನ್ನು ತಿರುಗಿಸಿ ತೋರಿಸುವುದೇ ಅದರ ಇಡೀ ಹೆಗ್ಗಳಿಕೆ. ವಾಚಿಗೆ ಬರುವಾಗ ಕಳೆದದ್ದು ಸರಿಯಾಗಿ ಅದೇ. ಅದು ಕೆಲಾಗ್ಸ್ ಕಾರ್ನ್‌ಫ್ಲೇಕ್ಸ್ ಕೊಡುಗೆಯಾಗಿ ಜನರಿಗೆ ತಲುಪಿತು. ಕಿವಿಗೆ ಹಾಕುವ ಇಯರ್‌ಫೋನಿಗೂ ಜಾಗ ಇತ್ತು. ಪ್ಯಾಕ್-ಮ್ಯಾನ್ ವಾಚಿನಲ್ಲಿ ಮುಖ ಉಳಿದರೆ ಆಟ ಉಳಿಯುತ್ತಿತ್ತು. ಇಲ್ಲಿ ಮುಖ ಉಳಿದು ಆಟ ಹೋಯಿತು. ಆ ಹೊತ್ತಿಗೆ ವಾಚಿನ ಮೇಲಿನ ಹೆಸರು ಜಾಹೀರಾತು ಆಗಿತ್ತು.

ಅಷ್ಟರಲ್ಲಿ ಪೈಪೋಟಿಯ ಸ್ವರೂಪವೂ ಬದಲಾಗಿತ್ತು. ನಿಂಟೆಂಡೊ 1989ರಲ್ಲಿ ತಂದ ಕೈಯಲ್ಲಿ ಹಿಡಿಯುವ ಆಟದ ಯಂತ್ರ ಗೇಮ್ ಬಾಯ್‌ನಲ್ಲಿ 160 ಅಡ್ಡ, 144 ಉದ್ದದ ನಿಜವಾದ ಪಿಕ್ಸೆಲ್ ತೆರೆ, ಬದಲಾಯಿಸಬಹುದಾದ ಆಟಗಳು. ಅಮೆರಿಕದಲ್ಲಿ ಬೆಲೆ 89.95 ಡಾಲರ್. ಜೇಬಿನಲ್ಲಿ ಸರಿಯಾದ ಆಟ ಇರುವವನಿಗೆ ಮಣಿಕಟ್ಟಿನ ಆಟ ಯಾಕೆ? ಆದರೂ ತೊಂಬತ್ತರ ದಶಕದವರೆಗೆ ಇವು ಬರುತ್ತಲೇ ಇದ್ದವು. ಗೇಮ್ ಬಾಯ್ ಕೊಡಿಸಲಾಗದ ಅಥವಾ ಕೊಡಿಸಲು ಮನಸ್ಸಿಲ್ಲದ ದೊಡ್ಡವರಿಗೆ ವಾಚು ಸುಲಭದ ಉಡುಗೊರೆ. "ಟೈಮ್ ನೋಡೋಕೆ" ಅಂತ ಒಂದು ನೆಪವೂ ಸಿಗುತ್ತಿತ್ತಲ್ವಾ.

ಉಳಿಸುವವರ ಕಷ್ಟ

ಇವತ್ತು ಇವನ್ನು ಕಾಪಾಡುವುದು ಸಂಗ್ರಹಕಾರರ ಕೆಲಸ. ಸೆಲ್ ಸೋರಿ ತಾಮ್ರದ ಗೆರೆ ತಿನ್ನುತ್ತದೆ. ಗಾಜನ್ನೂ ಸರ್ಕಿಟ್ಟನ್ನೂ ಸೇರಿಸುವ ಕಪ್ಪುಬಿಳಿ ಪಟ್ಟೆಗಳ ರಬ್ಬರ್ ತುಂಡಿಗೆ ಧೂಳು ಕೂತರೆ ದೆವ್ವದ ಅರ್ಧ ಮೈ ಮೂಡುವುದಿಲ್ಲ. ಅದನ್ನು ಒರೆಸಿ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಬೆಳಕನ್ನು ಸೋಸುವ ಹಾಳೆ ಕಂದಿದ್ದರೆ ಕಿತ್ತು ಬೇರೆ ಅಂಟಿಸಬಹುದು. ಗಾಜೇ ಬಿರುಕು ಬಿಟ್ಟರೆ ಮಾತ್ರ ಏನೂ ಮಾಡಲಾಗದು. ಆ ಆಕಾರಗಳನ್ನು ಕೊರೆದ ಗಾಜು ಬೇರೆಲ್ಲೂ ಸಿಗದು, ಇನ್ನೊಂದು ವಾಚನ್ನೇ ಬಿಚ್ಚಬೇಕು.

ಕಂಪ್ಯೂಟರಿನಲ್ಲಿ ಹಳೆಯ ಆಟಗಳನ್ನು ಓಡಿಸುವ ಮೇಮ್ ಯೋಜನೆಯವರು ಎಲ್‌ಸಿಡಿ ಆಟಗಳಿಗೆ ಕೈ ಹಾಕಿದಾಗ ಇದೇ ವಿಚಾರ ಎದುರಾಯಿತು. ಆರ್ಕೇಡ್ ಆಟದಲ್ಲಿ ಚಿಪ್ಪುಗಳನ್ನು ಓದಿಕೊಂಡರೆ ಚಿತ್ರವೂ ಅದರೊಳಗೇ ಸಿಗುತ್ತದೆ. ಎಲ್‌ಸಿಡಿ ಆಟದ ಚಿಪ್ಪಿನೊಳಗೆ ಇರುವುದು ಯಾವ ತುಂಡನ್ನು ಯಾವಾಗ ಮೂಡಿಸಬೇಕು ಅನ್ನುವುದಷ್ಟೇ. ಎಷ್ಟೋ ಚಿಪ್ಪುಗಳ ಮೇಲ್ಪದರ ಕರಗಿಸಿ, ಸೂಕ್ಷ್ಮದರ್ಶಕದಲ್ಲಿ ಫೋಟೋ ತೆಗೆದು, ಬಿಟ್ ಬಿಟ್ ಆಗಿ ಓದಬೇಕಾಯಿತು. ಅಷ್ಟು ಮಾಡಿದ ಮೇಲೂ ಆಟದ ಪಾತ್ರಗಳು ಹೇಗಿವೆ ಅಂತ ಪ್ರೋಗ್ರಾಮಿನಲ್ಲಿ ಎಲ್ಲೂ ಬರೆದಿರುವುದಿಲ್ಲ. ಅದಕ್ಕೆ ಗಾಜನ್ನು ಬಿಚ್ಚಿ, ಎಲ್ಲಾ ತುಂಡುಗಳನ್ನೂ ಕಪ್ಪಾಗಿಸಿ ಸ್ಕ್ಯಾನ್ ಮಾಡಿ, ಒಂದೊಂದರ ಅಂಚನ್ನೂ ಗೆರೆಯಲ್ಲಿ ಮತ್ತೆ ಬರೆದು, ಯಾವ ತಂತಿಗೆ ಯಾವ ತುಂಡು ಅಂತ ಗುರುತು ಹಾಕಬೇಕು. ಪ್ಯಾಕ್-ಮ್ಯಾನ್ ವಾಚನ್ನು ಹಾಗೆ ಉಳಿಸಲು ಹೊರಟವರಿಗೆ ಚಿಪ್ಪಿನಲ್ಲಿ ಆ ದುಂಡು ಮುಖ ಸಿಗುವುದಿಲ್ಲ. ಬಿರುಕು ಬಿಡದ ಒಂದು ಗಾಜನ್ನು ಮೊದಲು ಹುಡುಕಿಕೊಳ್ಳಬೇಕು.